ಬೆಂಡಿಂಗ್ ಮಷೀನ್ ಇಲ್ದೇ ಮನೇಲೇ ಮಾಡಿದ ಅಲ್ಯೂಮಿನಿಯಂ ಪಿಸಿ ಕೇಸ್ - ನನ್ನ ಅನುಭವ

ಅಂತೂ ಇಂತೂ ಮೂರನೇ ಸಲಕ್ಕೆ ಆಯ್ತು. ಮಷೀನ್ ಇಲ್ದೆ ಶೀಟ್ ನೀಟಾಗಿ ಬಗ್ಗಲ್ಲ, ಸುಮ್ನೆ ದುಡ್ಡು ದಂಡ ಅಂದವರೇ ಜಾಸ್ತಿ. ಈಗ ಆ ಕೇಸೊಳಗೆ ಕೂತಿರೋ ಮಿನಿ ಐಟಿಎಕ್ಸ್ ಬೋರ್ಡಿಂದಾನೇ (ಚಿಕ್ಕ ಸೈಜಿನ ಮದರ್‌ಬೋರ್ಡ್) ಇದನ್ನ ಟೈಪ್ ಮಾಡ್ತಿದೀನಿ.

ಮೊದಲನೇ ಸಲ ಗಟ್ಟಿ ಇರ್ಲಿ ಅಂತ 6061 ಟಿ6 ಅನ್ನೋ ಗಡುಸು ಜಾತಿಯ ಅಲ್ಯೂಮಿನಿಯಂ ಶೀಟ್ ತಂದೆ, 2 ಎಂಎಂ. ವೈಸಲ್ಲಿ ಹಿಡಿದು ಬಗ್ಗಿಸ್ತಾ ಸುಮಾರು 70 ಡಿಗ್ರಿ ಬರೋ ಹೊತ್ತಿಗೆ ಮಡಿಕೆ ಹೊರಗಡೆ ಕೂದಲೆಳೆಯಷ್ಟು ಬಿರುಕು ಕಾಣ್ತು, ಇನ್ನೆರಡು ಏಟಿಗೆ ಉದ್ದಕ್ಕೂ ಸೀಳ್ಕೊಂಡ್ಬಿಡ್ತು. ಎರಡನೇ ಸಲ 5052 ಅನ್ನೋ ಸುಲಭವಾಗಿ ಬಗ್ಗೋ ಜಾತಿ, 1.5 ಎಂಎಂ. ಇದು ಚೆನ್ನಾಗೇ ಬಗ್ತು, ಆದ್ರೆ ಮಡಚಿದಾಗ ಶೀಟ್ ಹಿಗ್ಗುತ್ತೆ ಅಂತ ಒಂದೊಂದು ಮಡಿಕೆಗೆ ಮೊದಲೇ ಕಳೀಬೇಕಾದ ಅಳತೆ ಕಳೆದಿರ್ಲಿಲ್ಲ, ಒಂದೊಂದು ಮಡಿಕೆಗೂ ಹತ್ರಹತ್ರ ಎರಡೂವರೆ ಎಂಎಂ ಜಾಸ್ತಿ ಬಂತು, ತೂತೆಲ್ಲ ಬೇರೆ ಮೊದಲೇ ಕೊರೆದಿದ್ದೆ, ಒಂದಕ್ಕೊಂದು ಕೂಡ್ಲೇ ಇಲ್ಲ. ಅಷ್ಟೊತ್ತಿಗೆ ಶೀಟು, ಬ್ಲೇಡು, ಡ್ರಿಲ್ ಬಿಟ್ ಎಲ್ಲ ಸೇರಿ ಒಂದು ಒಳ್ಳೇ ರೆಡಿಮೇಡ್ ಕೇಸಿನ ದುಡ್ಡು ಹೋಗಿತ್ತು. ಪೂರ್ತಿ ಮುಗಿಯೋವಾಗ ಎರಡೂವರೆ ಕೇಸಿನಷ್ಟಾಯ್ತು ಅನ್ಸುತ್ತೆ.

ಮೂರನೇ ಸಲ ಲೆಕ್ಕದ ಫಾರ್ಮುಲಾ ಎಲ್ಲ ಬಿಟ್ಟೆ. ಅದೇ ಶೀಟಿಂದ 100 ಎಂಎಂ ಪಟ್ಟಿ ಕತ್ತರಿಸಿ ಮಧ್ಯಕ್ಕೆ ಮಡಚಿ, ಎರಡೂ ಕಡೆ ಹೊರಗಿಂದ ಅಳೆದು ಕೂಡಿದೆ. ನೂರಕ್ಕಿಂತ ಎಷ್ಟು ಜಾಸ್ತಿ ಬರುತ್ತೋ ಅಷ್ಟೇ ಕಳೀಬೇಕಾದ್ದು. ಬಗ್ಗಿಸೋಕೆ ಎರಡು ಕಬ್ಬಿಣದ ಆಂಗಲ್ (ಎಲ್ ಆಕಾರದ ಪಟ್ಟಿ), ಒಂದರ ಅಂಚು ಅರದಲ್ಲಿ ಉಜ್ಜಿ ದುಂಡಗೆ ಮಾಡಿದ್ದು, ಎರಡೂ ತುದಿಗೆ ಸಿ ಕ್ಲಾಂಪ್. ಸುತ್ತಿಗೆ ನೇರವಾಗಿ ಶೀಟಿಗೆ ಮುಟ್ಟಿಸ್ಲೇಬೇಡಿ, ಉದ್ದಕ್ಕೂ ಗಟ್ಟಿ ಮರದ ಹಲಗೆ ಇಟ್ಟು ಅದರ ಮೇಲೆ ಬಡೀರಿ. ಕೈ ಬಿಟ್ಟ ತಕ್ಷಣ ಎರಡ್ಮೂರು ಡಿಗ್ರಿ ವಾಪಸ್ ಬರುತ್ತೆ, ಹಾಗಾಗಿ ಅಷ್ಟು ಹೆಚ್ಚಿಗೆ ಬಗ್ಗಿಸ್ಬೇಕು. ಆಂಗಲ್ಲೇ 90 ಇದ್ರೆ ಅದಕ್ಕಿಂತ ಒಳಗೆ ಹೇಗೆ ಹೋಗುತ್ತೆ ಅಂತೀರಾ, ಅದಕ್ಕೊಂದು ಉಪಾಯ ಇದೆ, ಸದ್ಯಕ್ಕೆ ಅದು ನನ್ನ ಹತ್ರಾನೇ ಇರ್ಲಿ.

ಹಿಂದಿನ ಐಒ ಕಿಂಡಿ, ಅಂದ್ರೆ ಬೋರ್ಡಿನ ಯುಎಸ್‌ಬಿ ಥರದ ಪೋರ್ಟುಗಳು ಹೊರಗೆ ಕಾಣೋ ಜಾಗ, 158.75 x 44.45 ಎಂಎಂ, ಇದೇ ಎರಡು ಸಂಜೆ ತಿಂತು. ಗೀರಿನ ಒಳಗಡೆ ಸಾಲಾಗಿ ತೂತು ಕೊರೆದು, ಮಧ್ಯದ ತುಂಡು ಬಿಡಿಸಿ, ಉಳಿದಿದ್ದು ಅರದಲ್ಲಿ. ಅಲ್ಯೂಮಿನಿಯಂ ಅರದ ಹಲ್ಲಿಗೆ ಮೆತ್ಕೊಳುತ್ತೆ, ಮೊದಲೇ ಸೀಮೆಸುಣ್ಣ ಉಜ್ಜಿದ್ರೆ ಆ ಕಾಟ ಇಲ್ಲ. 1.5 ಎಂಎಂ ದಪ್ಪಕ್ಕೆ ಆ ಕಿಂಡಿಗೆ ಕೂರೋ ತಗಡಿನ ಶೀಲ್ಡಿನ ಕ್ಲಿಪ್ ಹಿಡೀಲಿಲ್ಲ, ಒಳಗಡೆಯಿಂದ ಅಂಚು ತೆಳು ಮಾಡಿದ ಮೇಲೆ ಟಕ್ ಅಂತ ಕೂತ್ಕೊಂತು. ಬೋರ್ಡಿನ ತೂತಿಗೆ ಅಳತೆ ಹಿಡೀಲೇ ಇಲ್ಲ, ಸತ್ತ ಹಳೇ ಬೋರ್ಡ್ ಇಟ್ಟು ಅದರ ತೂತಿನ ಮೂಲಕ ಪಂಚಿಂದ ಗುರುತು ಹೊಡೆದೆ. 2.5 ಎಂಎಂ ಬಿಟ್‌ನಲ್ಲಿ ತೂತು, ಸ್ಕ್ರೂ ಮರೆ ಕೊರೆಯೋಕೆ ಎಂ3 ಟ್ಯಾಪ್, ಒಂದು ಹನಿ ಸೀಮೆಎಣ್ಣೆ.

ಮಧ್ಯೆ ಒಂದು ಪ್ರಯೋಗಾನೂ ಮಾಡ್ದೆ. 120 ಎಂಎಂ ಫ್ಯಾನಿನ ಎದುರು ನೂರಾರು ಸಣ್ಣ ತೂತು ಕೊರೆದಿದ್ದೆ, ನೋಡೋಕೆ ಚಂದ, ಆದ್ರೆ ಸಿಳ್ಳೆ ಹೊಡೆದಂಗೆ ಸದ್ದು. ಆ ಭಾಗಾನೇ ದುಂಡಗೆ ಕತ್ತರಿಸಿ ತಂತಿ ಗ್ರಿಲ್ ಹಾಕಿದೆ, ಸದ್ದೂ ನಿಂತು ಟೆಂಪರೇಚರ್ರೂ ನಾಕೈದು ಡಿಗ್ರಿ ಇಳೀತು.

ಪೇಂಟಿಗೆ ಮೊದಲು ಎಚ್ ಪ್ರೈಮರ್ (etch primer, ಲೋಹಕ್ಕೆ ಕಚ್ಚಿಕೊಳ್ಳೋ ಪ್ರೈಮರ್) ಬೇಕೇ ಬೇಕು, ಇಲ್ಲಾಂದ್ರೆ ಉಗುರಿಗೇ ಎದ್ದು ಬರುತ್ತೆ. ಪವರ್ ಸಪ್ಲೈ ಕೂರೋ ಜಾಗ, ಪ್ಯಾನಲ್ ಸೇರೋ ಜಾಗದಲ್ಲಿ ಮಾತ್ರ ಪೇಂಟ್ ಕೆರೆದು ಬರೀ ಲೋಹ ಬಿಟ್ಟಿದೀನಿ, ಅರ್ಥಿಂಗ್ ಸಿಗ್ಲಿ ಅಂತ. ಮಲ್ಟಿಮೀಟರ್ ಇಟ್ಟು ಮೂಲೆ ಮೂಲೆಗೂ ನೋಡ್ದೆ, ಎಲ್ಲಾ ಕಡೆ ಬೀಪ್ ಬಂತು. ಮೊನ್ನೆ ನೋಡೋಕೆ ಬಂದವರು ಇದನ್ನ ಎಲ್ಲಿ ಮಾಡಿಸ್ದೆ ಅಂತ ಕೇಳಿದ್ರು.