ಒಣಗಿದ ಕೊಂಬೆಯನ್ನು ಕಡಿಯದೆ ಬಿಟ್ಟ ಮೇಲೆ

ಶಿರಸಿ ಸೀಮೆಯ ನಮ್ಮ ತೋಟಕ್ಕೆ ವಸಂತ ಬರುವುದು ಯುಗಾದಿಗಿಂತ ಎಷ್ಟೋ ಮೊದಲು. ಅಡಿಕೆ ಗೊನೆಗಳ ಕೊಯ್ಲು ಮುಗಿದು ಅಂಗಳದಲ್ಲಿ ಸಿಪ್ಪೆಸಹಿತ ಹರಡಿದ ಚಾಲಿ ಅಡಿಕೆ ಒಣಗುತ್ತಿರುವಾಗಲೇ, ಜನವರಿ ಕೊನೆಯ ಚಳಿಯಲ್ಲಿ ಕುಟ್ರುಹಕ್ಕಿಯ ಕೂಗು ಜೋರಾಗುತ್ತದೆ. ಒಂದು ಕುಟ್ರೂ ಕುಟ್ರೂ ಎಂದರೆ ತೋಟದ ಪಕ್ಕದ ಹುಲ್ಲುನೆಲವಾದ ಬೇಣದ ಆಚೆಯಿಂದ ಇನ್ನೊಂದು ಓಗೊಡುತ್ತದೆ. ಆ ದಿನವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುವುದು ನನ್ನ ರೂಢಿ.

ಈ ರೂಢಿ ಹುಟ್ಟಿದ್ದು ಹಿತ್ತಿಲ ಹಲಸಿನ ಮರದಿಂದ. ಅದರ ಒಂದು ಕೊಂಬೆ ಒಣಗಿತ್ತು. ಬಚ್ಚಲ ಒಲೆಗಾಯಿತು ಎಂದು ಕಡಿಸಲು ಹೊರಟೆ. ಅತ್ತೆ ತಡೆದರು. ‘ಮಾಡಿನ ಮೇಲೆ ಬೀಳುವ ಹಾಗಿಲ್ಲವಲ್ಲ, ಇರಲಿ ಬಿಡು’ ಎಂದರು. ಫೆಬ್ರವರಿಯಲ್ಲಿ ಅದರ ಬುಡದಲ್ಲಿ ಮರದ ಹುಡಿ ಬಿದ್ದಿರುವುದು ಕಂಡಿತು. ತಲೆಯೆತ್ತಿದರೆ ಹಸಿರು ಮೈ, ಕಂದು ತಲೆ, ಬಿಳಿ ಕೆನ್ನೆಯ ಕುಟ್ರು ಕೊಂಬೆಯ ತಳಬದಿಯನ್ನು ಕುಟ್ಟುತ್ತಿತ್ತು. ಗಂಡು ಹೆಣ್ಣು ಸರದಿಯಂತೆ ಕೊರೆದವು. ಮೂರು ವಾರದಲ್ಲಿ ನಿಂಬೆಹಣ್ಣು ತೂರುವಷ್ಟು ದುಂಡಗಿನ ಬಾಗಿಲು ಸಿದ್ಧವಾಯಿತು. ಹಸಿಮರ ಈ ಹಕ್ಕಿಯ ಕೊಕ್ಕಿಗೆ ಬಗ್ಗುವುದಿಲ್ಲ, ಅದಕ್ಕೆ ಬೇಕಾದುದು ಒಣಗಿ ಮೆತ್ತಗಾದ ಕಟ್ಟಿಗೆಯೇ. ನಾನು ಒಲೆಗೆ ಹಾಕಲು ಹೊರಟದ್ದು ಅದರ ಮನೆಯನ್ನೇ! ಮರುವರ್ಷ ಆ ಹಳೆಯ ಪೊಟರೆಯನ್ನು ಮಡಿವಾಳ ಹಕ್ಕಿ ಹಿಡಿಯಿತು, ಕುಟ್ರು ಅದರ ಕೆಳಗೆ ಹೊಸದನ್ನು ಕೊರೆಯಿತು. ಅಂದಿನಿಂದ ದಾರಿಗೂ ಮನೆಗೂ ಅಪಾಯವಿಲ್ಲದ ಒಣಕೊಂಬೆಗೆ ನಾನು ಕತ್ತಿ ಮುಟ್ಟಿಸಿಲ್ಲ.

ಮಾವು ಹೂಬಿಡುವ ಹೊತ್ತಿನ ಪಾಠ ಕಹಿಯಾದದ್ದು. ಜಿಗಿಹುಳು ಕಂಡಿತೆಂದು ಒಂದು ವರ್ಷ ಅರಳಿದ ಹೂವಿನ ಮೇಲೆಯೇ ಕೀಟನಾಶಕ ಹೊಡೆಸಿದೆ. ಮರುದಿನ ಬೆಳಿಗ್ಗೆ ತುಡುವೆ ಜೇನಿನ ಪೆಟ್ಟಿಗೆಯ ಬಾಗಿಲಲ್ಲಿ ಸತ್ತ ನೊಣಗಳ ರಾಶಿ. ಅವುಗಳನ್ನು ಕೈಯಲ್ಲಿ ಬಳಿದು ತೆಗೆದದ್ದು ಇವತ್ತಿಗೂ ಮರೆತಿಲ್ಲ. ಈಗ ಹೂವಿರುವಾಗ ಪಂಪು ಕೊಟ್ಟಿಗೆಯಿಂದ ಹೊರಬರುವುದೇ ಇಲ್ಲ. ಬದಲಿಗೆ ಆ ದಿನಗಳಲ್ಲಿ ವಾರಕ್ಕೊಮ್ಮೆ ಪೆಟ್ಟಿಗೆ ತೆರೆದು ನೋಡುತ್ತೇನೆ. ಗಂಡುನೊಣಗಳು ಹೆಚ್ಚಿ, ಎರಿಯ ಅಂಚಿನಲ್ಲಿ ಹೊಸ ರಾಣಿ ಬೆಳೆಯುವ ರಾಣಿಕೋಶ ಇಳಿಬಿದ್ದಿದ್ದರೆ ಕುಟುಂಬ ಒಡೆಯುವ ಸೂಚನೆ. ಅವು ಹಾರಿಹೋಗುವ ಮೊದಲೇ ಪಾಲು ಮಾಡಿ ಎರಡನೆಯ ಪೆಟ್ಟಿಗೆಗೆ ಸೇರಿಸುತ್ತೇನೆ.

ಇದೇ ಕಾಲದಲ್ಲಿ ಅಡಿಕೆ ಮರದ ಮೇಲೆ ಹಾರುವ ಓತಿಯೂ ಕಣ್ಣಿಗೆ ಬೀಳುತ್ತದೆ. ಸುಮ್ಮನಿದ್ದರೆ ಅದು ತೊಗಟೆಯೇ. ಗಂಡು ಗಂಟಲಿನ ಹಳದಿ ಚೀಲವನ್ನು ಫಕ್ಕನೆ ಚಾಚಿ ಮಡಚಿದಾಗಷ್ಟೇ ಗೊತ್ತಾಗುವುದು. ಮೊದಲ ಸಲ ಅದು ಪಕ್ಕೆಯ ರೆಕ್ಕೆ ಬಿಚ್ಚಿ ಮರದಿಂದ ಮರಕ್ಕೆ ತೇಲಿದ್ದನ್ನು ಕಂಡಾಗ ನೀರು ಬಿಡಲು ಹೋದವಳು ಕೆಲಸವನ್ನೇ ಮರೆತು ನಿಂತಿದ್ದೆ.

ಹೂಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟದ ನಡುವಿನ ನಾಲ್ಕಾರು ಕಾಫಿ ಗಿಡಗಳೂ ಬೆಳ್ಳಗೆ ಅರಳುತ್ತವೆ. ಈ ಸಲ ಮಾರ್ಚಿನಲ್ಲೇ ಅರಳಿದವು. ಎರಡೂ ಪೆಟ್ಟಿಗೆಯ ನೊಣಗಳು ಬೆಳಗಿನಿಂದ ಅಲ್ಲಿಯೇ ಇದ್ದವು. ಹಲಸಿನ ಕೊಂಬೆಯಲ್ಲಿ ಈಗ ನಾಲ್ಕು ಪೊಟರೆಗಳಿವೆ. ಎಲ್ಲಕ್ಕಿಂತ ಕೆಳಗಿನದರಿಂದ ನಿನ್ನೆ ಸಂಜೆ ಕುಟ್ರುವಿನ ಮರಿಯೊಂದು ತಲೆ ಹೊರಹಾಕಿ, ಬಾಯಿ ತೆರೆದು ಕಾಯುತ್ತಿತ್ತು.