ಹಳೆಯ ರೇಸಿಂಗ್ ಆಟ, ಹೊಸ ಯಂತ್ರ: ನನ್ನ ಅನುಭವ

ರೋಡ್ ರ್‍ಯಾಷ್, ನೀಡ್ ಫಾರ್ ಸ್ಪೀಡ್‌ನ ಎರಡನೆಯ ಮತ್ತು ಮೂರನೆಯ ಭಾಗ, ಮಿಡ್‌ಟೌನ್ ಮ್ಯಾಡ್‌ನೆಸ್, 2005ರ ಮೋಸ್ಟ್ ವಾಂಟೆಡ್. ಈ ಹಳೆಯ ರೇಸಿಂಗ್ ಆಟಗಳೆಲ್ಲವೂ ತುಮಕೂರಿನ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಯ ಒಂದೇ ಯಂತ್ರದಲ್ಲಿ ಜರ್ಕ್ ಇಲ್ಲದೆ ಓಡುತ್ತಿವೆ. ಅದು ವಿಂಡೋಸ್ 11 ಇರುವ, ಸಾಮಾನ್ಯ ಐ3 ಪ್ರೊಸೆಸರಿನ ಯಂತ್ರ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಕೂಡ ಇಲ್ಲ. ಹೊಸ ಯಂತ್ರದಲ್ಲಿ ಇವು ಓಡುವುದೇ ಇಲ್ಲ ಎಂದವರು ಬಂದು ಆಡಿ ಹೋಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಮಾರುವ ಸ್ನೇಹಿತರೊಬ್ಬರು ಮೊದಲಿನಿಂದಲೂ ಒಂದೇ ಮಾತು ಹೇಳುತ್ತಿದ್ದರು: "ಅಣ್ಣ, ಆ ಕಾಲದ ಆಟಕ್ಕೆ ಆ ಕಾಲದ ಯಂತ್ರವೇ ಆಗಬೇಕು. ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡಿ." ಆ ದಾರಿಯನ್ನೂ ನಾನು ಬಿಟ್ಟಿಲ್ಲ. ಪೆಂಟಿಯಂ 4 ಯಂತ್ರಕ್ಕೆ ಸುಮಾರು ನಾಲ್ಕು ಸಾವಿರ, ಎಫ್‌ಎಕ್ಸ್ 5200 ಎಜಿಪಿ ಗ್ರಾಫಿಕ್ಸ್ ಕಾರ್ಡಿಗೆ ಒಂದೂವರೆ ಸಾವಿರದ ಮೇಲೆ, ಗುಜರಿಯಿಂದ ತಂದ ಸಿಆರ್‌ಟಿ ಮಾನಿಟರಿಗೆ ಮುನ್ನೂರೋ ನಾನೂರೋ. ಚೆನ್ನಾಗಿಯೇ ಓಡಿತು, ಒಂದು ಬೇಸಿಗೆಯ ಮಟ್ಟಿಗೆ. ಆಮೇಲೆ ಮದರ್‌ಬೋರ್ಡಿನ ಕೆಪಾಸಿಟರ್‌ಗಳು ಉಬ್ಬಿದವು. ಅವನ್ನು ತೆಗೆದು ಹೊಸದು ಬೆಸುಗೆ ಹಾಕಿದರೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಹೋಯಿತು. ಅದನ್ನು ಬದಲಿಸಿದರೆ ಐಡಿಇ ಹಾರ್ಡ್‌ಡಿಸ್ಕ್ ಟಕಟಕ ಸದ್ದು ಮಾಡತೊಡಗಿತು. ಎಲ್ಲ ಸೇರಿ ಎಂಟು, ಒಂಬತ್ತು ಸಾವಿರ ಕೈಬಿಟ್ಟಿತು. ಗಿರಾಕಿಗೆ ಇಂಥ ಯಂತ್ರ ಮಾರಿದರೆ ವಾರಕ್ಕೊಮ್ಮೆ ಅಂಗಡಿಯ ಮುಂದೆ ಬಂದು ನಿಲ್ಲುತ್ತಾನೆ. ನನ್ನ ಗಿರಾಕಿಗಳು ನಲವತ್ತು ದಾಟಿದವರು. ಕಾಲೇಜಿನ ದಿನಗಳಲ್ಲಿ ಸೈಬರ್ ಕೆಫೆಯಲ್ಲಿ ಆಡಿದ್ದನ್ನು ಈಗ ಮಕ್ಕಳಿಗೆ ತೋರಿಸಬೇಕೆನ್ನುವವರು. ಅವರಿಗೆ ಮನೆಯಲ್ಲಿರುವ ಲ್ಯಾಪ್‌ಟಾಪಿನಲ್ಲೇ ಓಡಬೇಕು.

ವರ್ಚುವಲ್ ಮಷೀನ್, ಅಂದರೆ ಹೊಸ ಯಂತ್ರದೊಳಗೇ ಇನ್ನೊಂದು ವಿಂಡೋಸ್ ಓಡಿಸುವ ದಾರಿಯೂ ಮುಚ್ಚಿತು. ಅದರೊಳಗಿನ ವಿಂಡೋಸ್ 98ಕ್ಕೆ ಗ್ರಾಫಿಕ್ಸ್ ಚಿಪ್ಪಿನ 3ಡಿ ಬಲ ಸುಲಭವಾಗಿ ಸಿಗುವುದಿಲ್ಲ. ಚಿತ್ರ ಬಿಡಿಸುವ ಕೆಲಸವೂ ಪ್ರೊಸೆಸರಿನ ಮೇಲೇ ಬೀಳುವ ಸಾಫ್ಟ್‌ವೇರ್ ಮೋಡಿನಲ್ಲಿ ಆಟ ತೆವಳುತ್ತದೆ. ಹಳೆಯ ವಿಂಡೋಸ್‌ನಂತೆ ನಟಿಸುವ ಕಂಪ್ಯಾಟಿಬಿಲಿಟಿ ಮೋಡ್ ಬಗ್ಗೆ ಹೇಳುವುದೇನಿಲ್ಲ. ಎಲ್ಲರೂ ಮಾಡಿ ನೋಡಿ ಬಿಟ್ಟದ್ದೇ ಅದು.

ನಾನು ಹಿಡಿದದ್ದು ಬೇರೆ ದಾರಿ. ಹೊಸ ಯಂತ್ರದಲ್ಲಿ ಕೊರತೆ ಯಾವುದೂ ಇಲ್ಲ, ಎಲ್ಲವೂ ಅತಿಯಾಗಿದೆ. ಪ್ರೊಸೆಸರಿನ ಕೋರ್ ಹೆಚ್ಚು, ಗ್ರಾಫಿಕ್ಸ್ ಮೆಮೊರಿ ಹೆಚ್ಚು, ಸೆಕೆಂಡಿಗೆ ಮೂಡುವ ಚಿತ್ರ, ಅಂದರೆ ಫ್ರೇಮ್, ಹೆಚ್ಚು. ಆಟಕ್ಕೆ ಅದು ಹುಟ್ಟಿದ ವರ್ಷದಲ್ಲಿ ಸಿಗುತ್ತಿದ್ದಷ್ಟನ್ನು ಮಾತ್ರ ತೋರಿಸಿ ಉಳಿದದ್ದನ್ನು ಮರೆಮಾಡಬೇಕು.

ಮೊದಲ ತೊಡಕು ಸೆಟಪ್. ಆ ಕಾಲದ ಹಲವು ಸಿ.ಡಿ.ಗಳಲ್ಲಿ ಇರುವುದು 16 ಬಿಟ್ ಸೆಟಪ್. 64 ಬಿಟ್ ವಿಂಡೋಸ್ ಅದನ್ನು ತೆರೆಯುವುದೇ ಇಲ್ಲ. ಹಾಗಾಗಿ ನೀಡ್ ಫಾರ್ ಸ್ಪೀಡ್‌ನ ಫೆಡೇಟಾ, ಗೇಮ್‌ಡೇಟಾ ಫೋಲ್ಡರ್‌ಗಳನ್ನು ಕೈಯಾರೆ ನಕಲು ಮಾಡಿ, ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ರಿಜಿಸ್ಟ್ರಿಯ ಸಾಲುಗಳನ್ನು ನಾನೇ ಬರೆದುಕೊಂಡೆ. ಆಮೇಲೆ ಗ್ರಾಫಿಕ್ಸ್. 1997ರ ಎರಡನೆಯ ಭಾಗದ ಸ್ಪೆಷಲ್ ಎಡಿಷನ್ 3ಡಿಎಫ್‌ಎಕ್ಸ್ ವೂಡೂ ಕಾರ್ಡಿನ ಗ್ಲೈಡ್ ಭಾಷೆ ಬಲ್ಲದು. ಆ ಕಾರ್ಡ್ ಈಗ ಎಲ್ಲಿದೆ? ಎನ್‌ಗ್ಲೈಡ್ ಎಂಬ ತಂತ್ರಾಂಶ ಹಾಕಿದರೆ ಆಟಕ್ಕೆ ಎದುರಿಗೆ ವೂಡೂ ಇದ್ದಂತೆಯೇ ಕಾಣುತ್ತದೆ. ಮೊದಲ ಸಲ ಹೀಗೆ ಓಡಿಸಿದಾಗ ಕಾರಿನ ಮುಂದಿನ ಗಾಜಿಗೆ ಹುಳುಗಳು ಬಂದು ಬಡಿದು ಅಂಟಿಕೊಂಡವು. ಕಾಲೇಜಿನಲ್ಲಿದ್ದಾಗ ಇದೇ ಆಟವನ್ನು ತಿಂಗಳುಗಟ್ಟಲೆ ಆಡಿದ್ದೇನೆ, ಆ ಹುಳುಗಳನ್ನು ಕಂಡೇ ಇರಲಿಲ್ಲ. ನಾನು ಹೋಗುತ್ತಿದ್ದ ಕೆಫೆಗಳಲ್ಲಿ ಯಾರ ಬಳಿಯೂ ವೂಡೂ ಕಾರ್ಡ್ ಇರಲಿಲ್ಲ. ನಾವು ಆಡಿದ್ದೆಲ್ಲ ಸಾಫ್ಟ್‌ವೇರ್ ಮೋಡ್. ಅಂದು ರಾತ್ರಿ ಅಂಗಡಿಯ ಬಾಗಿಲು ಹಾಕಿದ್ದು ಬಹಳ ತಡವಾಗಿ.

ರೋಡ್ ರ್‍ಯಾಷ್ 256 ಬಣ್ಣಗಳ ಕಾಲದ ಆಟ, ಪರದೆಗೆ ಚಿತ್ರ ಬಿಡಿಸಲು ವಿಂಡೋಸ್‌ನ ಹಳೆಯ ಡೈರೆಕ್ಟ್‌ಡ್ರಾ ನಂಬಿಕೊಂಡದ್ದು. ನೇರವಾಗಿ ತೆರೆದರೆ ಬಣ್ಣ ಕೆಟ್ಟು ಸವಾರನ ಮುಖ ಹಸಿರಾಗುತ್ತಿತ್ತು. ಹಳೆಯ ಗ್ರಾಫಿಕ್ಸ್ ಕರೆಗಳನ್ನು ಹೊಸದಕ್ಕೆ ಅನುವಾದಿಸುವ ಡಿಜಿವೂಡೂ 2 ತಂತ್ರಾಂಶದ ಡಿಎಲ್‌ಎಲ್ ಕಡತವನ್ನು ಆಟದ ಫೋಲ್ಡರಿನೊಳಗೇ ಇಟ್ಟ ಮೇಲೆ ಸರಿಹೋಯಿತು. ಅದರಲ್ಲಿ ಗ್ರಾಫಿಕ್ಸ್ ಮೆಮೊರಿಯನ್ನು 64 ಎಂಬಿಗೆ ಇಳಿಸಿಡಿ. ಗಿಗಾಬೈಟ್‌ಗಳ ಲೆಕ್ಕ ಕಂಡರೆ ಕೆಲವು ಹಳೆಯ ಆಟಗಳು ಅದನ್ನು ಋಣಸಂಖ್ಯೆ ಎಂದು ಓದಿ, ಮೆಮೊರಿಯೇ ಸಾಲದೆಂದು ಮುಚ್ಚಿಕೊಳ್ಳುತ್ತವೆ. 1998ರ ನೀಡ್ ಫಾರ್ ಸ್ಪೀಡ್ ಮೂರನೆಯ ಭಾಗಕ್ಕೆ ಒಂದೇ ಕೋರ್ ಕೊಡಿ. ಇಲ್ಲವಾದರೆ ರೇಸ್ ಶುರುವಾಗುವ ಹೊತ್ತಿಗೆ ಸರಿಯಾಗಿ ಬಿದ್ದುಹೋಗುತ್ತದೆ. ಪ್ರತಿ ಸಲ ಟಾಸ್ಕ್ ಮ್ಯಾನೇಜರ್ ತೆರೆಯುವ ಗೋಜು ಬೇಡ, ಒಂದು ಬ್ಯಾಚ್ ಕಡತದಲ್ಲಿ ಅಫಿನಿಟಿ, ಅಂದರೆ ಯಾವ ಕೋರ್ ಎಂಬುದನ್ನು, ಬರೆದಿಟ್ಟರೆ ಸಾಕು.

ಇಷ್ಟಾದರೂ ನನಗೆ ಸಮಾಧಾನವಾಗಲಿಲ್ಲ. ಆಟ ಓಡುತ್ತಿತ್ತು, ಆದರೆ ನುಣುಪು ಇರಲಿಲ್ಲ. ಫ್ರೇಮ್ ಮಿತಿ 60ಕ್ಕೆ ಕಟ್ಟಿ ಬಾರ್ಡರ್ ಇಲ್ಲದ ವಿಂಡೋದಲ್ಲಿ ಓಡಿಸಿದರೆ, ಉದ್ದನೆಯ ನೇರ ರಸ್ತೆಯಲ್ಲಿ ಪಕ್ಕದ ಮರಗಳು ಆಗಾಗ ಒಂದು ಕ್ಷಣ ತಡವರಿಸಿ ಮುಂದೆ ಹೋಗುತ್ತಿದ್ದವು. ಸ್ನೇಹಿತರು "ಯಾರ ಕಣ್ಣಿಗೂ ಬೀಳುವುದಿಲ್ಲ, ಬಿಡಿ" ಎಂದರು. ನನ್ನ ಕಣ್ಣಿಗೆ ಬೀಳುತ್ತಿತ್ತು. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಕುಳಿತೆ. ಹದಿನಾರು, ಹದಿನೇಳು ಸೆಕೆಂಡಿಗೊಮ್ಮೆ, ತಪ್ಪದೆ. ಆಗ ಲೆಕ್ಕ ಹೊಳೆಯಿತು: ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತೇನೆ ಎಂದು ಹೇಳಿಕೊಳ್ಳುವ ನನ್ನ ಮಾನಿಟರ್ ನಿಜವಾಗಿ ಓಡುತ್ತಿದ್ದದ್ದು 59.94 ಹರ್ಟ್ಸ್‌ನಲ್ಲಿ. ಉಳಿದ 0.06 ಹದಿನೇಳು ಸೆಕೆಂಡಿಗೆ ಒಂದು ಪೂರ್ತಿ ಫ್ರೇಮ್ ಆಗುತ್ತದೆ, ಆ ಫ್ರೇಮ್ ಬಿದ್ದುಹೋಗುತ್ತದೆ. ಫ್ರೇಮ್ ಮಿತಿ ಕಟ್ಟುವ ರಿವಾಟ್ಯೂನರ್ ತಂತ್ರಾಂಶದಲ್ಲಿ ಮಿತಿಯನ್ನು ದಶಮಾಂಶದಲ್ಲಿ ಕೊಟ್ಟು 59.93ರ ಆಸುಪಾಸಿಗೆ ಇಳಿಸಿದೆ. ಈಗ ತಡವರಿಕೆ ಬಂದರೆ ಒಂದೂವರೆ ನಿಮಿಷಕ್ಕೊಮ್ಮೆ ಬರಬಹುದು, ಅದೂ ಹುಡುಕಿದರೆ ಮಾತ್ರ. ನಿಮ್ಮ ಮಾನಿಟರಿನ ನಿಜವಾದ ಸಂಖ್ಯೆ ಬೇರೆ ಇರಬಹುದು. ನನ್ನದನ್ನೇ ನಕಲು ಮಾಡಬೇಡಿ, ಅಳೆದುಕೊಳ್ಳಿ. ಇಷ್ಟಕ್ಕೆ ತಗುಲಿದ ಖರ್ಚು ಸೊನ್ನೆ.

ಮೋಸ್ಟ್ ವಾಂಟೆಡ್ ಇವುಗಳಿಗಿಂತ ಸುಲಭ. ವೈಡ್‌ಸ್ಕ್ರೀನ್ ಫಿಕ್ಸ್, ಆಟಕ್ಕೆ ಹೆಚ್ಚು ಮೆಮೊರಿ ಬಳಸಲು ಬಿಡುವ 4 ಜಿಬಿ ಪ್ಯಾಚ್, ಮತ್ತೆ ಫ್ರೇಮ್ ಮಿತಿ. ತಲೆನೋವು ಇರುವುದು ಸಿ.ಡಿ. ನಕಲಾಗದಂತೆ ತಡೆಯುವ ಸೇಫ್‌ಡಿಸ್ಕ್ ಬೀಗದಲ್ಲಿ. ಅದರ ಡ್ರೈವರ್ ವಿಂಡೋಸ್ 10ರಿಂದ ಈಚೆಗೆ ನಡೆಯುವುದಿಲ್ಲ. ಮೂಲ ಡಿಸ್ಕ್ ಕೈಯಲ್ಲಿ ಹಿಡಿದು ಬಂದವರಿಗೆ ಮಾತ್ರ ಅದಕ್ಕೊಂದು ದಾರಿ ನಾನು ಮಾಡಿಕೊಡುತ್ತೇನೆ, ಹೇಗೆಂದು ಇಲ್ಲಿ ಬರೆಯುವುದಿಲ್ಲ. ಹಾಗೆಯೇ ಮೂರನೆಯ ಭಾಗದ ಕನ್ನಡಿಯಲ್ಲಿ ಹಿಂದಿನ ಕಾರು ಮಿನುಗುವುದನ್ನು ನಿಲ್ಲಿಸುವ ಒಂದು ಮೌಲ್ಯ ಡಿಜಿವೂಡೂ ಸೆಟ್ಟಿಂಗ್‌ನಲ್ಲಿದೆ. ಅದನ್ನು ಹುಡುಕಲು ಎಷ್ಟೋ ರಾತ್ರಿ ಕಳೆದಿದ್ದೇನೆ, ಅದೂ ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ, ಹಳೆಯ ಕಂಪ್ಯೂಟರನ್ನು ಪೂರ್ತಿಯಾಗಿ ಅನುಕರಿಸುವ 86ಬಾಕ್ಸ್ ತಂತ್ರಾಂಶದಲ್ಲಿ ಇಡೀ ಪೆಂಟಿಯಂ ಎಂಎಂಎಕ್ಸ್ ಯಂತ್ರವನ್ನು, ವೂಡೂ ಕಾರ್ಡಿನ ಸಮೇತ, ಕಟ್ಟಿ ನೋಡಿದೆ. ಬಯಾಸ್ ಪರದೆ, ಮೆಮೊರಿ ಎಣಿಕೆ ಎಲ್ಲ ಹಾಗೆಯೇ ಬರುತ್ತದೆ, ನೋಡುವುದಕ್ಕೇ ಖುಷಿ. 233 ಮೆಗಾಹರ್ಟ್ಸ್‌ಗೆ ಇಟ್ಟರೆ ನನ್ನ ಐ3 ಏದುಸಿರು ಬಿಟ್ಟು ಸದ್ದು ಒಡೆಯಿತು; 166ಕ್ಕೆ ಇಳಿಸಿದರೆ ಪರವಾಗಿಲ್ಲ. ಒಳ್ಳೆಯ ಪ್ರೊಸೆಸರ್ ಇರುವವರು ಖಂಡಿತ ಮಾಡಿ. ಡಾಸ್ ಕಾಲದ ಮೊದಲ ನೀಡ್ ಫಾರ್ ಸ್ಪೀಡ್‌ಗೆ ಮಾತ್ರ ಡಾಸ್ ಅನುಕರಿಸುವ ಡಾಸ್‌ಬಾಕ್ಸ್ ಸಾಕು. ಎರಡು ಸಾವಿರಕ್ಕೆ ಹಳೆಯ ಸ್ಟಿಯರಿಂಗ್ ಚಕ್ರವೊಂದನ್ನೂ ಕೊಂಡೆ. ರಸ್ತೆ ಬಿಟ್ಟು ಮಣ್ಣಿಗಿಳಿದರೆ ಕೈ ನಡುಗುವಂತೆ ಮಾಡಲು ಇನ್ನೂ ಗುದ್ದಾಡುತ್ತಿದ್ದೇನೆ.

ಇತ್ತೀಚೆಗೆ ಗೆದ್ದದ್ದು 1999ರ ಮಿಡ್‌ಟೌನ್ ಮ್ಯಾಡ್‌ನೆಸ್‌ನ ಇಬ್ಬರ ಆಟ. ವಿಂಡೋಸ್ ಫೀಚರ್ಸ್‌ನ ಲೆಗಸಿ ಕಾಂಪೊನೆಂಟ್ಸ್ ಒಳಗೆ, ಹಳೆಯ ಆಟಗಳು ನೆಟ್‌ವರ್ಕಿನಲ್ಲಿ ಆಡಲು ಬಳಸುವ ಡೈರೆಕ್ಟ್‌ಪ್ಲೇ ಹಾಕಿದೆ. ಆದರೂ ಒಂದು ಯಂತ್ರ ಇನ್ನೊಂದನ್ನು ಕಾಣುತ್ತಿರಲಿಲ್ಲ. ಫೈರ್‌ವಾಲ್‌ನಲ್ಲಿ 47624 ಮತ್ತು 2300ರಿಂದ 2400ರವರೆಗಿನ ಪೋರ್ಟ್‌ಗಳನ್ನು ತೆರೆದ ತಕ್ಷಣ ಪಟ್ಟಿಯಲ್ಲಿ ಹೆಸರು ಬಂತು. ಎಸ್.ಪಿ. ರಸ್ತೆಯ ಸ್ನೇಹಿತರು ಕಳೆದ ಭಾನುವಾರ ರೈಲಿನಲ್ಲಿ ಬಂದಿದ್ದರು. ಷಿಕಾಗೋ ಬೀದಿಗಳಲ್ಲಿ ಪೊಲೀಸ್ ಅವರು, ಕಳ್ಳ ನಾನು. ಸಂಜೆಯವರೆಗೆ ಆಡಿದೆವು. ಹೊರಡುವಾಗ ತಮ್ಮ ಅಂಗಡಿಯ ಯಂತ್ರಕ್ಕೂ ಹಾಕಿಕೊಡಿ ಎಂದು ಕೇಳಿದರು. ಒಂದು ಯಂತ್ರಕ್ಕೆ ನಾನು ಮುನ್ನೂರು ರೂಪಾಯಿ ತೆಗೆದುಕೊಳ್ಳುತ್ತೇನೆ, ಅವರಿಂದಲೂ ತೆಗೆದುಕೊಂಡೆ.