ಮಗುವಿನೊಂದಿಗೆ ಮೊದಲ ಟರ್ಕಿ ಬೇಟೆ: ಕೋವಿಗಿಂತ ಮೊದಲು ಕೂರುವುದನ್ನು ಕಲಿಸಿ

ಏಪ್ರಿಲ್ ಬಂತೆಂದರೆ ಅಮೆರಿಕದ ಅನೇಕ ರಾಜ್ಯಗಳಲ್ಲಿ ಕಾಡು ಟರ್ಕಿ ಕೋಳಿಯ ಬೇಟೆ ಶುರುವಾಗುತ್ತದೆ. ನಾನಿರುವ ಮಿಸೌರಿಯಲ್ಲಿ ದೊಡ್ಡವರ ಸರದಿಗೆ ಮೊದಲೇ 6ರಿಂದ 15 ವರ್ಷದ ಮಕ್ಕಳಿಗೆಂದು ಒಂದು ವಾರಾಂತ್ಯವನ್ನು ಮೀಸಲಿಟ್ಟಿದ್ದಾರೆ. ಶಾಲೆಯ ಗೆಳೆಯರ ಮಾತು ಕೇಳಿ ನಮ್ಮ ಕನ್ನಡ ಮನೆಗಳ ಮಕ್ಕಳೂ ‘ಅಪ್ಪಾ, ನಾವೂ ಹೋಗೋಣ’ ಎಂದು ಹಟ ಹಿಡಿಯುತ್ತಾರೆ. ಅಪ್ಪ ಅಂಗಡಿಗೆ ಓಡಿ ದೊಡ್ಡ ಕೋವಿ, ಕಾಡಿನ ಬಣ್ಣದ ಬಟ್ಟೆ, ಮೂರು ಬಗೆಯ ಸೀಟಿ ತರುತ್ತಾನೆ. ಬೇಟೆಯ ಬೆಳಿಗ್ಗೆ ಮರದಡಿ ಕುಳಿತ ಹತ್ತೇ ನಿಮಿಷಕ್ಕೆ ಮಗು ಚಡಪಡಿಸುತ್ತದೆ, ಅಪ್ಪ ಕೋಳಿಯನ್ನು ಕರೆಯುತ್ತಲೇ ಇರುತ್ತಾನೆ, ಹುಂಜ ದೂರದಿಂದಲೇ ಇಬ್ಬರನ್ನೂ ನೋಡಿ ಹಿಂದಿರುಗುತ್ತದೆ. ಪ್ರತಿ ವಸಂತದಲ್ಲಿ ಇದೇ ನಡೆಯುವುದನ್ನು ಕಂಡು ಇದನ್ನು ಬರೆಯುತ್ತಿದ್ದೇನೆ.

ಊರಿನಿಂದ ಬಂದ ಅಜ್ಜ ಅಜ್ಜಿಯರು ಮೊದಲು ಕೇಳುವುದು ‘ಇದು ಅಪರಾಧವಲ್ಲವೇ?’ ಎಂದು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈಗ ಬೇಟೆಗೆ ಅವಕಾಶವಿಲ್ಲದಿರುವಾಗ ಅವರ ಆತಂಕ ಸಹಜ. ಅಮೆರಿಕದ ದಾರಿ ಬೇರೆ. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಮಿತಿಯಿಲ್ಲದ ಬೇಟೆ ಮತ್ತು ಕಾಡಿನ ನಾಶದಿಂದ ಈ ಕೋಳಿ ಎಷ್ಟೋ ರಾಜ್ಯಗಳಲ್ಲಿ ಇಲ್ಲವೇ ಆಗಿತ್ತು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಡಿ ಕೋವಿ ಮತ್ತು ತೋಟಾಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳಿಗೆಂದೇ ತೆಗೆದಿಟ್ಟರು. ಉಳಿದಿದ್ದ ಕಾಡುಕೋಳಿಗಳನ್ನು ಬಲೆ ಹಾಕಿ ಹಿಡಿದು, ಬರಿದಾಗಿದ್ದ ಕಾಡುಗಳಿಗೆ ಒಯ್ದು ಬಿಟ್ಟರು. ಬೇಟೆಗಾರರು ಕಟ್ಟುವ ಪರವಾನಗಿ ಶುಲ್ಕ ಇಂದಿಗೂ ಆ ಕೆಲಸಕ್ಕೆ ಹೋಗುತ್ತದೆ. ಇದನ್ನು ಮಗುವಿಗೂ ತಿಳಿಸಿ ಹೇಳಿ. ವಸಂತದಲ್ಲಿ ಗಡ್ಡವಿರುವ (ಸಾಮಾನ್ಯವಾಗಿ ಹುಂಜದ ಎದೆಯಿಂದ ಜೋತುಬೀಳುವ ಗರಿಗಳ ಕುಚ್ಚು) ಹಕ್ಕಿಯನ್ನು ಮಾತ್ರ ಏಕೆ ಹೊಡೆಯಬೇಕು, ಮೊಟ್ಟೆಯಿಡುವ ಹೇಂಟೆಯನ್ನು ಏಕೆ ಬಿಡಬೇಕು ಎಂಬುದು ಆಗ ಅದಕ್ಕೆ ತಾನಾಗಿಯೇ ಅರ್ಥವಾಗುತ್ತದೆ.

ಕಾಗದಪತ್ರ

ಅಂಗಡಿಗೆ ಹೋಗುವ ಮೊದಲು ನಿಮ್ಮ ವೀಸಾ ನೋಡಿಕೊಳ್ಳಿ. ಎಚ್-1ಬಿ, ಎಚ್-4, ಎಫ್-1ರಂಥ ತಾತ್ಕಾಲಿಕ ವೀಸಾದಲ್ಲಿರುವವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ ಎನ್ನುತ್ತದೆ ಫೆಡರಲ್ ಕಾನೂನು. ರಾಜ್ಯ ಸರ್ಕಾರ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ಮಾತ್ರ ವಿನಾಯಿತಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆಯಿಲ್ಲ. ಆದ್ದರಿಂದ ಮೊದಲು ಪರವಾನಗಿ, ಆಮೇಲೆ ಕೋವಿ. ಗೆಳೆಯನ ಕೋವಿಯನ್ನು ‘ಸುಮ್ಮನೆ ಒಮ್ಮೆ’ ಹಿಡಿಯುವುದಕ್ಕೂ ಇದೇ ಕ್ರಮ. ಸಂದೇಹವಿದ್ದರೆ ವಲಸೆ ವಕೀಲರಿಗೆ ಒಂದು ಫೋನ್ ಮಾಡಿ. ಹಕ್ಕಿಯೊಂದಕ್ಕಾಗಿ ವೀಸಾವನ್ನು ಅಪಾಯಕ್ಕೆ ಒಡ್ಡಬೇಡಿ.

ಬೇಟೆ ಸುರಕ್ಷತೆಯ ತರಗತಿಯನ್ನು ಇಬ್ಬರೂ ಒಟ್ಟಿಗೆ ಮುಗಿಸಿ. ನಿಯಮ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ, ಹಾಗಾಗಿ ಆ ವರ್ಷದ ಕೈಪಿಡಿಯನ್ನೇ ಓದಿ.

ಕೋವಿ

ಮಗುವಿನ ಕೈಗೆ 12 ಗೇಜ್ ಕೊಡಬೇಡಿ (ಗೇಜ್ ಸಂಖ್ಯೆ ಹೆಚ್ಚಿದಷ್ಟೂ ಕೋವಿಯ ನಳಿಗೆ ಸಣ್ಣದು). ‘ಬೆಳೆದ ಮೇಲೂ ಬಳಸಬಹುದು’ ಎಂಬ ಲೆಕ್ಕಾಚಾರದಲ್ಲಿ ಕೊಂಡ ದೊಡ್ಡ ಕೋವಿ ಮೊದಲ ಗುಂಡಿಗೇ ಭುಜಕ್ಕೆ ಒದೆಯುತ್ತದೆ. ಎರಡನೆಯ ಗುಂಡಿಗೆ ಮಗು ಕಣ್ಣು ಮುಚ್ಚಿಕೊಳ್ಳುತ್ತದೆ. ಆ ಹೆದರಿಕೆಯನ್ನು ಬಿಡಿಸಲು ವರ್ಷಗಳು ಬೇಕು. ಗಿಡ್ಡ ಹಿಡಿಯ 20 ಗೇಜ್ ಸಾಕು. ತೀರ ಚಿಕ್ಕವರಿಗೆ ಇನ್ನೂ ಸಣ್ಣ ನಳಿಗೆಯ .410 ಕೋವಿಯೂ ಟಂಗ್‌ಸ್ಟನ್ ಚರೆಯ (ಸಣ್ಣ ಲೋಹದ ಗುಂಡುಗಳ) ತೋಟಾವೂ ಒಳ್ಳೆಯ ಜೋಡಿ. ತೋಟಾ ದುಬಾರಿ, ಆದರೆ ಗುರಿ ಕಲಿಯುವಾಗ ಹಗುರವಾದ ಅಗ್ಗದ ತೋಟಾ ಬಳಸಿ, ದುಬಾರಿಯದನ್ನು ಚರೆ ಹೇಗೆ ಹರಡುತ್ತದೆಂದು ನೋಡಲು ಮತ್ತು ಬೇಟೆಗೆ ಮಾತ್ರ ಇಟ್ಟುಕೊಳ್ಳಬಹುದು.

ದೊಡ್ಡ ಕಾಗದದ ಮೇಲೆ ಹತ್ತು ಇಂಚಿನ ವೃತ್ತ ಬರೆದು 20, 30, 40 ಗಜದಿಂದ ಹೊಡೆದು ನೋಡಿ. ಯಾವ ದೂರಕ್ಕೆ ವೃತ್ತದೊಳಗಿನ ಚರೆ ವಿರಳವಾಗುತ್ತದೆಯೋ ಅದಕ್ಕಿಂತ ಹತ್ತು ಗಜ ಈಚೆಗೆ ಮಗುವಿನ ಮಿತಿ. ನನ್ನ ಮಟ್ಟಿಗೆ ಮೊದಲ ವರ್ಷದ ಮಗುವಿಗೆ 25 ಗಜಕ್ಕಿಂತ ಆಚೆ ಹಕ್ಕಿಯೇ ಇಲ್ಲ.

ಇಬ್ಬರ ನಡುವೆ ಒಂದೇ ಕೋವಿ ಇರಲಿ. ಮಕ್ಕಳ ವಾರಾಂತ್ಯದಲ್ಲಿ ದೊಡ್ಡವರು ಹೊಡೆಯುವಂತೆಯೂ ಇಲ್ಲ. ಉಳಿದ ದಿನಗಳಲ್ಲೂ ನಿಮ್ಮ ಕೋವಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ. ಎರಡು ಕೋವಿಗಳಿದ್ದಲ್ಲಿ ನಿಮ್ಮ ಗಮನ ಹಕ್ಕಿಯ ಮೇಲೆ ಹೋಗುತ್ತದೆ, ಅದು ಮಗುವಿನ ಬೆರಳಿನ ಮೇಲಿರಬೇಕು.

ಬಟ್ಟೆ

ಕೆಂಪು, ಬಿಳಿ, ನೀಲಿ ಯಾವುದೂ ಬೇಡ, ಒಳಗಿನ ಕಾಲುಚೀಲದಲ್ಲೂ ಬೇಡ. ಹುಂಜದ ತಲೆಯ ಬಣ್ಣಗಳು ಅವೇ, ಇನ್ನೊಬ್ಬ ಬೇಟೆಗಾರನ ಕಣ್ಣು ಮೋಸಹೋಗಬಹುದು. ಮುಖಕ್ಕೆ ಜಾಲರಿ, ಕೈಗೆ ಗವಸು. ಬಟ್ಟೆಗೆ ಮೊದಲೇ ಪರ್ಮೆಥ್ರಿನ್ ಎಂಬ ಕೀಟನಾಶಕ ಸಿಂಪಡಿಸಿ ಒಣಗಿಸಿ, ಮಿಸೌರಿಯ ಕಾಡಿನಲ್ಲಿ ರಕ್ತ ಹೀರುವ ಉಣ್ಣೆ ಹುಳುಗಳು ವಿಪರೀತ. ಮೈವಾಸನೆ ಮುಚ್ಚುತ್ತದೆಂದು ಮಾರುವ ದುಬಾರಿ ಸೋಪು, ಸ್ಪ್ರೇಗಳನ್ನು ಕೊಳ್ಳಬೇಡಿ. ಅವು ಜಿಂಕೆ ಬೇಟೆಯವರಿಗೆ. ಟರ್ಕಿಗೆ ಮೂಗು ಮಂದ, ಅದರ ಬಲವೆಲ್ಲ ಕಣ್ಣು ಮತ್ತು ಕಿವಿಯಲ್ಲಿದೆ.

ಕೂರುವುದು

ಬೇಟೆ ಕೆಡುವುದು ಇಲ್ಲಿ. ಋತು ಆರಂಭವಾಗುವುದಕ್ಕೆ ಒಂದು ತಿಂಗಳ ಮೊದಲೇ ಹಿತ್ತಲಿನಲ್ಲಿ ಅಭ್ಯಾಸ ಶುರುಮಾಡಿ.

ಮರ ಮಗುವಿನ ಭುಜಕ್ಕಿಂತ ಅಗಲವಾಗಿರಬೇಕು. ಬೆನ್ನ ಹಿಂದಿನಿಂದ ಯಾರಾದರೂ ತಪ್ಪಾಗಿ ಗುಂಡು ಹಾರಿಸಿದರೆ ತಡೆಯುವುದು ಅದೇ. ಮೈಯ ಆಕಾರವನ್ನು ಮರೆಸುವುದೂ ಅದೇ. ಕೂರುವ ಮೊದಲು ತರಗೆಲೆಯನ್ನೆಲ್ಲ ಕಾಲಿನಿಂದ ಸರಿಸಿ ಬರಿ ಮಣ್ಣು ಕಾಣುವಂತೆ ಮಾಡಿ, ಇಲ್ಲವಾದರೆ ಕಾಲು ಕದಲಿದಾಗಲೆಲ್ಲ ಸರಸರ ಸದ್ದು. ಕೆಳಗೆ ದಪ್ಪ ಮೆತ್ತೆ ಹಾಕಿ. ಉಬ್ಬಿಸುವ ಗಾಳಿಯ ಮೆತ್ತೆ ಕಿರುಗುಡುತ್ತದೆ, ಬೇಡ.

ಬಲಗೈ ಮಗುವಾದರೆ ಎಡ ಭುಜ ಹುಂಜ ಬರುವ ದಿಕ್ಕಿಗಿರಲಿ. ಕುಳಿತವರಿಗೆ ಕೋವಿಯನ್ನು ಎಡಕ್ಕೆ ತಿರುಗಿಸುವುದು ಸುಲಭ, ಬಲಕ್ಕೆ ತಿರುಗಿಸಲು ಇಡೀ ಮೈ ಹೊರಳಬೇಕು. ಎಡಗೈಯವರಿಗೆ ಇದರ ವಿರುದ್ಧ. ಎಡ ಮೊಣಕಾಲು ಮೇಲೆ, ಕೋವಿ ಅದರ ಮೇಲೆ. ಮಗುವಿನ ತೋಳು ಅರ್ಧ ಗಂಟೆ ಭಾರ ಹೊರಲಾರದು, ಆದ್ದರಿಂದ ಎರಡು ಕಾಲಿನ ಊರುಗೋಲೊಂದನ್ನು ಕೋವಿಯ ಕೆಳಗೆ ಕೊಡಿ. ನಾನು ಹೇಳುವ ಎಲ್ಲ ಸಾಮಾನುಗಳಲ್ಲಿ ಹಣಕ್ಕೆ ತಕ್ಕ ಬೆಲೆ ಇದಕ್ಕೇ. ಹುಂಜ ಬರುವ ಮೊದಲೇ ಕೋವಿ ಅದರ ಮೇಲೆ ಸಿದ್ಧವಾಗಿ ಕುಳಿತಿರಬೇಕು, ಸುರಕ್ಷಾ ಗುಂಡಿ (ಸೇಫ್ಟಿ) ಹಾಕಿರಬೇಕು, ಬೆರಳು ಟ್ರಿಗರ್‌ನ ಹೊರಗಿರಬೇಕು.

ನೀವು ಮಗುವಿಗೆ ತಾಗಿ, ಒಂದಿಷ್ಟು ಹಿಂದೆ, ನಿಮ್ಮ ಬಾಯಿ ಅದರ ಕಿವಿಗೆ ಎಟುಕುವಂತೆ ಕುಳಿತುಕೊಳ್ಳಿ.

ಈಗ ಅಭ್ಯಾಸ. ಕೋವಿ ಖಾಲಿಯಿದೆಯೆಂದು ಇಬ್ಬರೂ ತೆರೆದು ನೋಡಿ ಅದನ್ನು ಬದಿಗಿಡಿ, ಮಗುವಿನ ಕೈಗೆ ಒಂದು ಕೋಲು ಕೊಡಿ. ನೀವು 40 ಗಜ ದೂರದಿಂದ ಹುಂಜದ ಹಾಗೆ ನಿಂತು ನಿಂತು ಬನ್ನಿ. ನಿಮ್ಮ ತಲೆ ಮರದ ಹಿಂದೆ ಹೋದಾಗ ಮಾತ್ರ ಮಗು ಕೋಲನ್ನು ತಿರುಗಿಸಬಹುದು. ತಲೆ ಹೊರಬಂದ ಮೇಲೆ ಕದಲಿದರೆ ‘ಕಂಡೆ’ ಎನ್ನಿ, ಮತ್ತೆ ಮೊದಲಿನಿಂದ. ಕಣ್ಣುಮುಚ್ಚಾಲೆಯಷ್ಟೇ ಖುಷಿ ಕೊಡುವ ಆಟವಿದು. ಮಕ್ಕಳು ಬೇಗ ಕಲಿಯುತ್ತಾರೆ, ಕಷ್ಟವಾಗುವುದು ಅಪ್ಪಂದಿರಿಗೆ. ಹುಂಜದ ಕೂಗು ಕೇಳಿದೊಡನೆ ಬೆರಳು ತೋರಿಸಿ ‘ಅಲ್ಲಿ ನೋಡು’ ಎನ್ನುವವರು ಅವರೇ. ಕೈ ತೋರಿಸಬೇಡಿ. ‘ದೊಡ್ಡ ಓಕ್ ಮರದ ಎಡಕ್ಕೆ’ ಎಂದು ಪಿಸುಗುಟ್ಟಿ. ಇದಕ್ಕಾಗಿ ಕುಳಿತ ತಕ್ಷಣ ಎದುರಿನ ನಾಲ್ಕು ಗುರುತುಗಳಿಗೆ ಇಬ್ಬರೂ ಸೇರಿ ಹೆಸರಿಡಿ, 25 ಗಜದ ಗಡಿಯನ್ನೂ ಅವುಗಳಿಂದಲೇ ನೆನಪಿಟ್ಟುಕೊಳ್ಳಿ.

ಎಂಟು ವರ್ಷದ ಒಳಗಿನ ಮಗುವಾದರೆ ಮರ ಬಿಟ್ಟು ಮಡಚುವ ಗುಡಾರ ಹಾಕಿ. ಒಳಗೆ ಸ್ವಲ್ಪ ಅಲುಗಾಡಬಹುದು, ನಿದ್ದೆಯನ್ನೂ ಮಾಡಬಹುದು. ಹಿಂಬದಿಯ ಕಿಟಕಿಗಳನ್ನೆಲ್ಲ ಮುಚ್ಚಿಡಿ, ಬೆಳಕು ಆಚೆಗೆ ಹಾದರೆ ತಲೆ ಎದ್ದು ಕಾಣುತ್ತದೆ. ಸದ್ದು ಮಾಡುವ ಚಿಪ್ಸ್ ಪೊಟ್ಟಣ ಬೇಡ, ಚಪಾತಿ ಸುರುಳಿ ಒಯ್ಯಿರಿ.

ಕರೆಯುವುದು

ಹಿಂದಿನ ಸಂಜೆ ಹೋಗಿ ಕೋಳಿಗಳು ಯಾವ ಮರವೇರಿ ಮಲಗುತ್ತವೆ ಎಂದು ನೋಡಿಕೊಳ್ಳಿ. ಗೂಬೆಯ ದನಿ ಮಾಡಿದರೆ ಹುಂಜ ತಡೆಯಲಾರದೆ ಕೂಗುತ್ತದೆ. ಬೆಳಿಗ್ಗೆ ಕತ್ತಲೆಯಲ್ಲೇ ಆ ಮರದಿಂದ ನೂರು ಗಜಕ್ಕಿಂತ ಹತ್ತಿರ ಹೋಗದೆ ಕುಳಿತುಬಿಡಿ.

ಹೊಸಬರು ಬಾಯಿಯೊಳಗೆ ಇಟ್ಟುಕೊಳ್ಳುವ ಸಾಧನದ ಹಿಂದೆ ಬೀಳದೆ ಮರದ ಬಾಕ್ಸ್ ಕಾಲ್ (ಮುಚ್ಚಳ ಉಜ್ಜಿ ಹೇಂಟೆಯ ದನಿ ಹೊರಡಿಸುವ ಪುಟ್ಟ ಪೆಟ್ಟಿಗೆ) ಒಂದನ್ನು ಕೊಳ್ಳಲಿ. ಮೊಬೈಲಿನಲ್ಲಿ ಹೇಂಟೆಯ ದನಿ ಹಾಕುವ ಅಡ್ಡದಾರಿ ಮಿಸೌರಿಯಲ್ಲಿ ಕಾನೂನುಬಾಹಿರ, ಬೇರೆ ಬಹುತೇಕ ರಾಜ್ಯಗಳಲ್ಲೂ ಹಾಗೆಯೇ. ಹುಂಜದ ಕೂಗನ್ನು ಎಂದೂ ಅನುಕರಿಸಬೇಡಿ, ಇನ್ನೊಬ್ಬ ಬೇಟೆಗಾರ ನಿಮ್ಮತ್ತ ಹೊಂಚುಹಾಕುತ್ತಾ ಬರುತ್ತಾನೆ. ಬಾಲದ ಗರಿಗಳನ್ನು ಮುಖದ ಮುಂದೆ ಹಿಡಿದು ತೆವಳುವ ವಿಡಿಯೊಗಳನ್ನು ಮಗು ನೋಡಿರುತ್ತದೆ. ಅದು ಗುಂಡಿಗೆ ಎದೆಯೊಡ್ಡುವ ಕೆಲಸ ಎಂದು ಖಡಾಖಂಡಿತವಾಗಿ ಹೇಳಿ.

ನಿಜಕ್ಕೂ ಹುಂಜ ಕೂಗುವುದು, ಹೇಂಟೆ ತನ್ನ ಬಳಿಗೆ ಬರಲಿ ಎಂದು. ನಾವು ಹೇಂಟೆಯ ದನಿ ಮಾಡಿ ಹುಂಜವೇ ಬರಲಿ ಎನ್ನುತ್ತಿದ್ದೇವೆ. ಅದು ಅನುಮಾನಿಸುವುದು, ತಡಮಾಡುವುದು ಅದರ ಸ್ವಭಾವ. ಮೂರು ನಾಲ್ಕು ಸಣ್ಣ ಕರೆ ಕೊಡಿ. ಉತ್ತರ ಬಂದರೆ ಬಾಕ್ಸ್ ಕೆಳಗಿಟ್ಟು ಸುಮ್ಮನಿರಿ. ಕೂಗು ನಿಂತಿತೆಂದು ಎದ್ದು ನಿಲ್ಲುವವರೇ ಹೆಚ್ಚು. ನಿಂತ ಕೂಗು ಎಷ್ಟೋ ಸಲ ಹತ್ತಿರ ಬರುತ್ತಿರುವ ಹುಂಜದ್ದು. ಕೂಗು ನಿಂತ ಮೇಲೆ ಮುಕ್ಕಾಲು ಗಂಟೆ ಕೂರಲೇಬೇಕು.

ಮಗು ಬೇಗ ಏಳಲೊಲ್ಲದಿದ್ದರೆ ಬಲವಂತ ಬೇಡ, ಒಂಬತ್ತಕ್ಕೆ ಹೋಗಿ. ಆ ಹೊತ್ತಿಗೆ ಹೇಂಟೆಗಳು ಗೂಡಿನತ್ತ ಸರಿದು ಒಂಟಿಯಾದ ಹುಂಜ ಕರೆಗೆ ಬೇಗ ಓಗೊಡುತ್ತದೆ. ಬೇಟೆ ನಿಲ್ಲಿಸುವ ವೇಳೆ ಕೈಪಿಡಿಯಲ್ಲಿರುತ್ತದೆ, ಎಷ್ಟೋ ಕಡೆ ಅದು ಮಧ್ಯಾಹ್ನಕ್ಕೇ ಮುಗಿಯುತ್ತದೆ.

ಇನ್ನೊಬ್ಬ ಬೇಟೆಗಾರ ಬಂದರೆ ಕೈಬೀಸದೆ, ಏಳದೆ, ಕೂತಲ್ಲಿಂದಲೇ ಗಟ್ಟಿಯಾಗಿ ಇಂಗ್ಲಿಷ್‌ನಲ್ಲಿ ಕೂಗಿ ಹೇಳಿ. ಆ ಬೆಳಗಿನ ಹುಂಜ ಹೋದರೆ ಹೋಗಲಿ.

ಗುಂಡು

ಎದೆಯಿಂದ ಜೋತುಬಿದ್ದ ಗಡ್ಡ ಕಂಡಿತೇ ಎಂದು ಮಗುವೇ ಹೇಳಬೇಕು, ಅದರ ಹಿಂದೆ ಯಾರೂ ಇಲ್ಲವೆಂದು ನೀವು ನೋಡಬೇಕು. ಬಾಲ ಬಿಚ್ಚಿ ಕುಣಿಯುವಾಗ ಹುಂಜ ಕತ್ತನ್ನು ಒಳಗೆಳೆದುಕೊಂಡಿರುತ್ತದೆ, ಆಗ ಹೊಡೆಸಬೇಡಿ. ನೀವು ಮೆಲ್ಲಗೆ ಒಂದು ಲೊಚಗುಟ್ಟಿದರೆ ತಲೆ ಎತ್ತುತ್ತದೆ. ಗುರಿ, ಕತ್ತಿನ ಬುಡದಲ್ಲಿ ಗರಿ ಮುಗಿಯುವ ಜಾಗ. ಮಕ್ಕಳು ಹಕ್ಕಿಯನ್ನು ನೋಡುವ ಆಸೆಗೆ ಕೊನೆಯ ಕ್ಷಣದಲ್ಲಿ ಕೆನ್ನೆಯನ್ನು ಕೋವಿಯಿಂದ ಎತ್ತುತ್ತಾರೆ, ಚರೆ ತಲೆಯ ಮೇಲಿಂದ ಹಾರುತ್ತದೆ. ‘ಕೆನ್ನೆ’ ಎಂಬ ಒಂದೇ ಮಾತನ್ನು ಪಿಸುಗುಟ್ಟಿ. ಮಗು ಬೇಡ ಎಂದರೆ ಅಲ್ಲಿಗೆ ಬಿಡಿ, ಏಕೆಂದು ಕೇಳಬೇಡಿ.

ಗುಂಡು ಹಾರಿದ ಮೇಲೆ ಓಡಬಾರದು. ಮೊದಲು ಸುರಕ್ಷಾ ಗುಂಡಿ, ಆಮೇಲೆ ಕೋವಿ ನಿಮ್ಮ ಕೈಗೆ, ಆಮೇಲೆ ನಡಿಗೆ. ಸತ್ತ ಹುಂಜವೂ ಒದ್ದಾಡುತ್ತದೆ, ಅದರ ಕಾಲಿನ ಮುಳ್ಳು ಚರ್ಮ ಸೀಳಬಲ್ಲದು. ಮಗು ಅತ್ತರೆ ಅಳಲಿ. ಟ್ಯಾಗ್ ಹಾಕಿ, ಹಕ್ಕಿಯನ್ನು ಕಿತ್ತಳೆ ಬಟ್ಟೆಯಲ್ಲಿ ಸುತ್ತಿ ಹೊತ್ತು ತನ್ನಿ. ಮಿಸೌರಿಯಲ್ಲಿ ಅಂದೇ ರಾತ್ರಿ ಹತ್ತರೊಳಗೆ ರಾಜ್ಯದ ವನ್ಯಜೀವಿ ಸಂರಕ್ಷಣಾ ಇಲಾಖೆಗೆ ವರದಿ ಮಾಡಬೇಕು.

ಮಧ್ಯಾಹ್ನದ ಬಿಸಿಲೇರುವ ಮೊದಲೇ ಕರುಳು ತೆಗೆದು ತಂಪಿನಲ್ಲಿಡಿ. ಎದೆಯ ಮಾಂಸವನ್ನು ತೆಳುವಾಗಿ ಸೀಳಿ ಕಾಳುಮೆಣಸು, ಬೆಳ್ಳುಳ್ಳಿ ಹಚ್ಚಿ ಬೇಗ ಹುರಿಯಿರಿ. ಅಂಗಡಿಯ ಟರ್ಕಿಯಷ್ಟು ಕೊಬ್ಬಿಲ್ಲದ್ದರಿಂದ ಹೆಚ್ಚು ಹೊತ್ತು ಬೆಂದರೆ ನಾರಾಗುತ್ತದೆ. ಕಾಲು, ತೊಡೆಗಳನ್ನು ಎಸೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿ, ಗಟ್ಟಿ ನಾರುಗಳನ್ನು ಎಳೆದು ತೆಗೆದು, ಕೊತ್ತಂಬರಿ ಮಸಾಲೆಯ ಸಾರು ಮಾಡಿ. ಬಡಿಸುವ ಮೊದಲು ಮಾಂಸವನ್ನು ಬೆರಳಿನಿಂದ ಒತ್ತಿ ನೋಡಿ, ಒಳಗುಳಿದ ಟಂಗ್‌ಸ್ಟನ್ ಚರೆ ಹಲ್ಲು ಮುರಿಯುವಷ್ಟು ಗಟ್ಟಿ.